ಮಾತು ಹೋದವರ ಕೈಗೆ ಫೋನು

2020ರ ಮಾರ್ಚ್ 25ರಂದು ದೇಶಕ್ಕೆ ದೇಶವೇ ಬಾಗಿಲು ಹಾಕಿಕೊಂಡಿತು. ಅದೇ ದಿನ ಕೇಂದ್ರ ಸರ್ಕಾರದ ಟೆಲಿಮೆಡಿಸಿನ್ ಮಾರ್ಗಸೂಚಿ ಹೊರಬಿತ್ತು. ಡಾಕ್ಟರು ಫೋನಿನಲ್ಲೋ ವಿಡಿಯೊದಲ್ಲೋ ರೋಗಿಯನ್ನು ನೋಡಬಹುದೇ, ನೋಡಿದರೆ ಯಾವ ಔಷಧ ಬರೆಯಬಹುದು, ಯಾವುದನ್ನು ಬರೆಯಬಾರದು, ಒಪ್ಪಿಗೆ ಪಡೆಯುವುದು ಹೇಗೆ ಎಂಬುದೆಲ್ಲ ಅದರಲ್ಲಿತ್ತು. ಅದನ್ನು ಬರೆದದ್ದು ವೈದ್ಯರಿಗಾಗಿ. ನನ್ನಂಥ ಸ್ಪೀಚ್ ಥೆರಪಿಸ್ಟುಗಳು ಅದನ್ನು ಓದಿ, ನಮಗೆ ಅನ್ವಯಿಸುವುದನ್ನು ಆರಿಸಿಕೊಂಡು, ಉಳಿದದ್ದನ್ನು ನಮ್ಮ ನಮ್ಮಲ್ಲೇ ಚರ್ಚಿಸಿ ದಾರಿ ಮಾಡಿಕೊಳ್ಳಬೇಕಾಯಿತು.

ನಾನು ಆಗ ಶಿವಮೊಗ್ಗದಲ್ಲಿದ್ದೆ. ಲಕ್ವ ಹೊಡೆದು ಮಾತು ಕಳೆದುಕೊಂಡವರು, ಪಾರ್ಕಿನ್ಸನ್ ಕಾಯಿಲೆಯಿಂದ ದನಿ ಉಡುಗಿದವರು, ಗಂಟಲ ಕ್ಯಾನ್ಸರಿಗೆ ಧ್ವನಿಪೆಟ್ಟಿಗೆ ತೆಗೆಸಿಕೊಂಡವರು, ತೊದಲುವ ಹುಡುಗರು, ಇವರೆಲ್ಲ ತೀರ್ಥಹಳ್ಳಿ, ಹೊಸನಗರ, ಸಾಗರ, ಭದ್ರಾವತಿ ಕಡೆಯಿಂದ ಬಸ್ಸು ಹತ್ತಿ ಬರುತ್ತಿದ್ದರು. ಬಸ್ಸೇ ನಿಂತ ಮೇಲೆ ಯಾರೂ ಬರುವಂತಿರಲಿಲ್ಲ. ಮಕ್ಕಳಿಗೆ, ತೊದಲುವವರಿಗೆ ನಾಲ್ಕು ದಿನ ತಡವಾದರೆ ತಾಳಿಕೊಳ್ಳಬಹುದಿತ್ತು. ಲಕ್ವ ಆದವರ ಲೆಕ್ಕ ಬೇರೆ. ಮಿದುಳು ಚೇತರಿಸಿಕೊಳ್ಳುವ ವೇಗ ಮೊದಲ ಕೆಲವು ತಿಂಗಳಲ್ಲೇ ಹೆಚ್ಚು. ಆ ತಿಂಗಳುಗಳನ್ನು ಲಾಕ್‌ಡೌನ್ ಮುಗಿಯಲಿ ಎಂದು ಕಾಯುತ್ತಾ ಕಳೆದುಬಿಟ್ಟರೆ ಅವರ ಪಾಲಿಗೆ ಆದ ನಷ್ಟ ತುಂಬಿಕೊಡುವುದು ಕಷ್ಟ.

ದೂರದಿಂದ ಚಿಕಿತ್ಸೆ ಕೊಡುವುದು ಕರ್ನಾಟಕಕ್ಕೆ ಹೊಸ ವಿಷಯವೇನೂ ಆಗಿರಲಿಲ್ಲ. 2002ರಲ್ಲೇ ಇಸ್ರೋ ಉಪಗ್ರಹದ ಮೂಲಕ ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯನ್ನೂ ಸರಗೂರಿನ ವಿವೇಕಾನಂದ ಸ್ಮಾರಕ ಆಸ್ಪತ್ರೆಯನ್ನೂ ಬೆಂಗಳೂರಿನ ನಾರಾಯಣ ಹೃದಯಾಲಯಕ್ಕೆ ಜೋಡಿಸಲಾಗಿತ್ತು. ನಾನು ಓದಿದ ಮೈಸೂರಿನ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ 1965ರಲ್ಲಿ ಹುಟ್ಟಿದ್ದು. ನಾವೆಲ್ಲ ಅದನ್ನು ಆಯಿಷ್ ಅನ್ನುತ್ತೇವೆ. ದೂರದ ಊರಿನವರಿಗೆ ವಿಡಿಯೊದಲ್ಲಿ ಥೆರಪಿ ಕೊಡುವ ಘಟಕ ಅಲ್ಲಿ ಕೊರೊನಾಕ್ಕೆ ಎಷ್ಟೋ ಮುಂಚೆಯೇ ಇತ್ತು. ಆದರೆ ಒಂದು ಆಸ್ಪತ್ರೆಯಿಂದ ಇನ್ನೊಂದು ಆಸ್ಪತ್ರೆಗೆ ಮಾತಾಡಿಸುವಾಗ ಆ ಕಡೆ ಯಂತ್ರ ಬಲ್ಲ ಒಬ್ಬ ಸಿಬ್ಬಂದಿ ಇರುತ್ತಾನೆ. 2020ರಲ್ಲಿ ನಮ್ಮ ಆ ಕಡೆ ಇದ್ದದ್ದು ಒಂದು ಮನೆ, ಗಾಜು ಬಿರುಕು ಬಿಟ್ಟ ಒಂದು ಫೋನು, ಗಾಬರಿಯಾದ ಒಬ್ಬ ಹೆಂಡತಿ, ಮಾತು ಬಾರದ ಒಬ್ಬ ಗಂಡ.

ಆ ಗಂಡ ತೀರ್ಥಹಳ್ಳಿ ರೂಟಿನ ಖಾಸಗಿ ಬಸ್ಸೊಂದರಲ್ಲಿ ಕಂಡಕ್ಟರ್ ಆಗಿದ್ದವರು. ಹೆಸರು ಬೇಡ, ಊರಲ್ಲೂ ಅವರನ್ನು ಕಂಡಕ್ಟರ್ ಎಂದೇ ಕರೆಯುತ್ತಿದ್ದರು, ನಾನೂ ಹಾಗೇ ಕರೆಯುತ್ತೇನೆ. ಮಿದುಳಿನ ಎಡಭಾಗಕ್ಕೆ ಸ್ಟ್ರೋಕ್ ಆಗಿ ಬಲಗೈ ಬಿದ್ದಿತ್ತು. ಅಫೇಸಿಯಾ ಆಗಿತ್ತು. ಎಂದರೆ ಗಂಟಲು, ನಾಲಿಗೆ ಎಲ್ಲ ಸರಿಯಿದ್ದರೂ ಬೇಕಾದ ಪದ ಬೇಕಾದ ಹೊತ್ತಿಗೆ ಸಿಗದು. ಬುದ್ಧಿ ಚೆನ್ನಾಗಿದೆ, ಎದುರಿಗಿರುವವರು ಯಾರೆಂದು ಗೊತ್ತಿದೆ, ಹೇಳಬೇಕಾದ್ದೂ ಗೊತ್ತಿದೆ, ಹೇಳಲು ಮಾತ್ರ ಬರುವುದಿಲ್ಲ. ಕಂಡಕ್ಟರ ಬಾಯಲ್ಲಿ ಉಳಿದಿದ್ದು ಎರಡೇ ಪದ: "ರೈಟ್", "ಹೋಲ್ಡಾನ್". ಕಾಫಿ ಬೇಕೆಂದರೂ ರೈಟ್, ಬೇಡವೆಂದರೂ ರೈಟ್. ಸಿಟ್ಟು ಬಂದರೆ ಹೋಲ್ಡಾನ್. 1861ರಲ್ಲಿ ಪ್ಯಾರಿಸ್ಸಿನ ವೈದ್ಯ ಪಾಲ್ ಬ್ರೋಕಾ ವಿವರಿಸಿದ ರೋಗಿ ಲೆಬೋರ್ನ್ "ಟಾನ್" ಎಂಬ ಒಂದೇ ಶಬ್ದವನ್ನು ಆಡುತ್ತಿದ್ದನೆಂದು ನಾವು ಮೊದಲ ವರ್ಷದಲ್ಲೇ ಓದಿರುತ್ತೇವೆ. ವರ್ಷಗಟ್ಟಲೆ ದಿನಕ್ಕೆ ನೂರಾರು ಸಲ ಕೂಗಿದ ಮಾತು ಮಿದುಳಿನಲ್ಲಿ ಎಷ್ಟು ಆಳಕ್ಕೆ ಇಳಿದಿರುತ್ತದೆ ಎಂಬುದನ್ನು ಕಂಡಕ್ಟರು ನನಗೆ ಕಣ್ಣಾರೆ ತೋರಿಸಿದರು.

ಮೊದಲ ವಿಡಿಯೊ ಕಾಲ್‌ನಲ್ಲಿ ನನಗೆ ಕಂಡದ್ದು ತಿರುಗುವ ಫ್ಯಾನು, ಆಮೇಲೆ ಅರ್ಧ ಹಣೆ, ಆಮೇಲೆ ಹಿಂದಿನ ಕಿಟಕಿಯ ಬೆಳಕಿನಲ್ಲಿ ಕಪ್ಪಗೆ ಕಾಣುವ ಒಂದು ಮುಖ. ಬಾಯಿ ಕಾಣದೆ ಸ್ಪೀಚ್ ಥೆರಪಿ ಮಾಡುವುದು ಹೇಗೆ? ಅವರಿಗೂ ನನ್ನ ತುಟಿ ಕಾಣಬೇಕು, ನನಗೂ ಅವರ ತುಟಿ ಕಾಣಬೇಕು. "ಅವ್ರ ಕೈಗೆ ಫೋನ್ ಕೊಡಿ ಅಮ್ಮಾ" ಎಂದರೆ ಅವರ ಹೆಂಡತಿ, "ಅವ್ರಿಗೆ ಎಂತ ಗೊತ್ತಾಗ್ತದೆ ಮೇಡಮ್, ನಾನೇ ಹಿಡ್ಕಂತೀನಿ" ಎಂದರು. ನಾನು ಏನು ಕೇಳಿದರೂ ಉತ್ತರ ಅವರಿಂದಲೇ ಬರುತ್ತಿತ್ತು. ಊಟ ಆಯ್ತಾ ಎಂದರೆ ಆಯ್ತು ಮೇಡಮ್. ಮಗನ ಹೆಸರೇನು ಎಂದರೆ ಅದನ್ನೂ ಅವರೇ ಹೇಳಿದರು. ಪ್ರೀತಿಯಿಂದಲೇ ಹೇಳುತ್ತಿದ್ದರು. ಗಂಡ ತಡವರಿಸುವುದನ್ನು ಕಂಡು ಸುಮ್ಮನಿರುವುದು ಯಾವ ಹೆಂಡತಿಗೂ ಸುಲಭವಲ್ಲ.

ಹಾಗಾಗಿ ಶುರುವಿನ ದಿನಗಳಲ್ಲಿ ನಾನು ಮಾತಿನ ಪಾಠ ಬದಿಗಿಟ್ಟೆ. ಕಲಿಸಿದ್ದೆಲ್ಲ ಫೋನಿನ ಪಾಠ. ಅಕ್ಕಿ ಡಬ್ಬಕ್ಕೆ ಫೋನನ್ನು ಒರಗಿಸಿ ಎದೆಮಟ್ಟಕ್ಕೆ ಇಡುವುದು, ಕಿಟಕಿ ಬೆನ್ನ ಹಿಂದೆ ಬರದ ಹಾಗೆ ಕುರ್ಚಿ ತಿರುಗಿಸುವುದು, ಟಿವಿ ಆರಿಸುವುದು, ಹೆಂಡತಿ ಎಡಪಕ್ಕ ಕೂರುವುದು. ಆಮೇಲೆ ಕಂಡಕ್ಟರು ಎಡಗೈಯಲ್ಲಿ ಹಸಿರು ಗುರುತನ್ನು ಮೇಲಕ್ಕೆ ತಳ್ಳಿ ಕಾಲ್ ಎತ್ತುವುದು. ಮಿದುಳಿಗೆ ಪೆಟ್ಟಾದವರಿಗೆ ಹೊಸದನ್ನು ಕಲಿಸುವಾಗ "ಯಾವುದು ಒತ್ತಬೇಕು, ನೀವೇ ಹೇಳಿ ನೋಡುವಾ" ಎಂದು ಪರೀಕ್ಷೆ ಮಾಡಬಾರದು. ತಪ್ಪು ಒತ್ತಿದರೆ ಆ ತಪ್ಪೇ ಕೈಗೆ ರೂಢಿಯಾಗುತ್ತದೆ. ಮೊದಲು ಅವರ ಬೆರಳ ಮೇಲೆ ನಮ್ಮ ಬೆರಳಿಟ್ಟು ಮಾಡಿಸಬೇಕು, ಆಮೇಲೆ ಮೊಣಕೈ ಮಾತ್ರ ಮುಟ್ಟಬೇಕು, ಆಮೇಲೆ ಕೈ ತೆಗೆಯಬೇಕು. ಒಂದು ಹೆಜ್ಜೆ ಗಟ್ಟಿಯಾಗುವ ತನಕ ಮುಂದಿನದಕ್ಕೆ ಹೋಗಬಾರದು. ಫೋನಿನ ಪರದೆಯಲ್ಲಿ ಯಾವ ಚಿತ್ರ ಎಲ್ಲಿದೆಯೋ ಅಲ್ಲೇ ಇರಬೇಕು. ಮೊಮ್ಮಗ ಆಟದ ಆ್ಯಪ್ ಹಾಕಿ ಎಲ್ಲವನ್ನೂ ಪಕ್ಕಕ್ಕೆ ಸರಿಸಿದರೆ ಒಂದು ವಾರದ ಕಲಿಕೆ ಹಾಳು.

ಇಷ್ಟಾದರೂ ಒಂದು ಕಡೆ ಅವರು ಪದೇಪದೇ ಸಿಕ್ಕಿಬೀಳುತ್ತಿದ್ದರು. ವಾಟ್ಸ್‌ಆ್ಯಪ್‌ನಲ್ಲಿ ದನಿ ರೆಕಾರ್ಡ್ ಮಾಡುವ ಮೈಕಿನ ಗುರುತು ಅವರಿಗೆ ಸಿಗುತ್ತಲೇ ಇರಲಿಲ್ಲ. ಹೆಂಡತಿ, "ಕಣ್ಣೆದುರಿಗೇ ಉಂಟಲ್ರೀ" ಎಂದು ಬೇಸರಪಟ್ಟರು. ಅದು ಇದ್ದದ್ದು ಪರದೆಯ ಕೆಳಗೆ, ಬಲಮೂಲೆಯಲ್ಲಿ. ಎಡ ಮಿದುಳಿನ ಸ್ಟ್ರೋಕ್ ಆದವರಲ್ಲಿ ಕೆಲವರಿಗೆ ಬಲಗಡೆಯ ನೋಟವೇ ಹೋಗಿರುತ್ತದೆ. ಕಣ್ಣು ಚೆನ್ನಾಗಿರುತ್ತದೆ, ಬಲಭಾಗದ ಜಗತ್ತು ಮಾತ್ರ ಕಾಣುವುದಿಲ್ಲ. ಆ ಅಮ್ಮನಿಗೆ ಅದನ್ನು ವಿವರಿಸಿದೆ. ಮರುದಿನ ಅವರೇ ಒಂದು ಉಪಾಯ ಮಾಡಿದ್ದರು. ತಮ್ಮ ಹಣೆಗೆ ಇಡುವ ಕೆಂಪು ಸ್ಟಿಕರ್ ಬಿಂದಿಯೊಂದನ್ನು ಫೋನಿನ ಬಲ ಅಂಚಿಗೆ, ಮೈಕಿನ ಪಕ್ಕದಲ್ಲೇ ಅಂಟಿಸಿದ್ದರು. ಕೆಂಪು ಕಾಣುವ ತನಕ ತಲೆ ಬಲಕ್ಕೆ ತಿರುಗಿಸಿ ಎಂದು ಹೇಳಿಕೊಟ್ಟೆವು. ಕಂಡಕ್ಟರ ಹೆಬ್ಬೆರಳು ಮೈಕಿಗೆ ತಲುಪಿತು. ಅಷ್ಟು ಸರಳವಾದ, ಅಷ್ಟು ಸರಿಯಾದ ಸಲಹೆ ನನ್ನ ಯಾವ ಪುಸ್ತಕದಲ್ಲೂ ಇರಲಿಲ್ಲ. ಆಮೇಲೆ ಎಷ್ಟೋ ಮನೆಗಳಲ್ಲಿ ಬಿಂದಿ ಅಂಟಿಸಲು ಹೇಳಿದ್ದೇನೆ.

ಅವರು ಕಳಿಸಿದ ಮೊದಲ ವಾಯ್ಸ್ ಮೆಸೇಜಿನಲ್ಲಿ ಕೋಳಿ ಕೂಗುತ್ತಿತ್ತು, ಯಾರೋ ಕೊಡಪಾನ ಇಟ್ಟ ಸದ್ದಾಯಿತು, ಕೊನೆಗೆ "ಹೋಲ್ಡಾನ್" ಎಂಬ ಗಟ್ಟಿ ದನಿ. ತಾನೇ ಒತ್ತಿ, ತಾನೇ ಆಡಿ, ತಾನೇ ಕಳಿಸಿದ ಮಾತು ಅದು.

ಆ ಎರಡು ಪದಗಳನ್ನೇ ಬಾಗಿಲು ಮಾಡಿಕೊಂಡು ಒಳಗೆ ಹೋಗಬೇಕಿತ್ತು. ಬಾಯಿಪಾಠವಾದ ಸರಣಿ ಮಾತು ಅಫೇಸಿಯಾದಲ್ಲೂ ಎಷ್ಟೋ ಸಲ ಉಳಿದಿರುತ್ತದೆ: ಒಂದು ಎರಡು ಮೂರು, ವಾರದ ಹೆಸರು, ದೇವರ ನಾಮ, ಬೈಗುಳ ಕೂಡ. ನಾನು ಅವರ ರೂಟನ್ನು ಹಿಡಿದೆ. "ಶಿವಮೊಗ್ಗ, ಗಾಜನೂರು, ಸಕ್ರೆಬೈಲು..." ಎಂದು ಹೇಳಿ ನಿಲ್ಲಿಸಿ ಕಳಿಸಿದರೆ, ಅವರಿಂದ "ಮಂಡಗದ್ದೆ" ಬಂತು, ಹಿಂದೆಯೇ "ತೂದೂರು", "ತೀರ್ಥಳ್ಳಿ". ಮನೆಯವರೆಲ್ಲ ಕೂಗಿಕೊಂಡರು. ಆದರೆ ಸರಣಿಯಲ್ಲಿ ಬಂದದ್ದು ಇನ್ನೂ ಮಾತಲ್ಲ. ಅದನ್ನು ಸರಣಿಯಿಂದ ಬಿಡಿಸಿ ಬೇಕಾದಲ್ಲಿ ಬಳಸಿದಾಗ ಅದು ಮಾತು. ಅವರ ತಂಗಿಯನ್ನು ಕೊಟ್ಟ ಊರು ಮಂಡಗದ್ದೆ. "ತಂಗಿ ಮನೆ ಎಲ್ಲಿ?" ಎಂದು ಕೇಳಿದರೆ ಮೊದಮೊದಲು ಗಾಜನೂರಿನಿಂದ ಶುರುಮಾಡಿ ಬೆರಳು ಮಡಚುತ್ತಾ ಮಂಡಗದ್ದೆಗೆ ಬರುತ್ತಿದ್ದರು. ಮಳೆಗಾಲದ ಹೊತ್ತಿಗೆ ನೇರವಾಗಿ "ಮಂಡಗದ್ದೆ" ಎನ್ನುವಂತಾದರು. ಆ ಒಂದು ಪದದ ಹಿಂದಿನ ಕೆಲಸ ಎಷ್ಟೆಂದು ಅವರ ಹೆಂಡತಿಗೆ ಗೊತ್ತು, ನನಗೆ ಗೊತ್ತು.

ಪದ ಹುಡುಕುವ ಈ ಕೆಲಸಕ್ಕೆ ವಿಡಿಯೊ ಕಾಲ್‌ಗಿಂತ ವಾಯ್ಸ್ ಮೆಸೇಜೇ ಮೇಲು ಎಂಬ ನಂಬಿಕೆ ನನಗೆ ಬಂದದ್ದು ಹೀಗೆ. ಕಾಲ್‌ನಲ್ಲಿ ಎದುರಿಗೊಬ್ಬರು ಕಾಯುತ್ತಿರುತ್ತಾರೆ. ನೆಟ್‌ವರ್ಕಿನ ತಡದಿಂದ ಮಾತಿನ ಮೇಲೆ ಮಾತು ಬೀಳುತ್ತದೆ. ಪದ ಹುಡುಕುವವನಿಗೆ ಆ ಒತ್ತಡದಲ್ಲಿ ಸಿಗಬೇಕಾದ ಪದವೂ ಸಿಗುವುದಿಲ್ಲ. ವಾಯ್ಸ್ ಮೆಸೇಜಿನಲ್ಲಿ ಅವಸರವಿಲ್ಲ. ಕೇಳಬಹುದು, ಮತ್ತೆ ಕೇಳಬಹುದು, ಸರಿ ಬರಲಿಲ್ಲವೆಂದರೆ ಅಳಿಸಿ ಇನ್ನೊಮ್ಮೆ ಹೇಳಬಹುದು. ಜೊತೆಗೆ ಮಲೆನಾಡಿನಲ್ಲಿ ಜಡಿಮಳೆ ಹಿಡಿದು ಕರೆಂಟು ಹೋದರೆ ಟವರೂ ಮಲಗುತ್ತದೆ. ಆಗ ವಿಡಿಯೊ ಸಾಧ್ಯವಿಲ್ಲ. ಮೆಸೇಜು ನೆಟ್‌ವರ್ಕ್ ಬಂದಾಗ ತಾನಾಗಿಯೇ ಹೋಗುತ್ತದೆ.

ಸಾಗರ ಕಡೆಯ ನಿವೃತ್ತ ಮೇಷ್ಟ್ರೊಬ್ಬರದು ಬೇರೆ ಕಥೆ. ಪಾರ್ಕಿನ್ಸನ್‌ನಿಂದ ದನಿ ಪಿಸುಮಾತಿನಷ್ಟಕ್ಕೆ ಇಳಿದಿತ್ತು. ಅವರಿಗೆ ತಾನು ಜೋರಾಗಿಯೇ ಮಾತಾಡುತ್ತಿದ್ದೇನೆ ಅನಿಸುತ್ತಿತ್ತು. ಆ ಕಾಯಿಲೆಯ ಸ್ವಭಾವವೇ ಹಾಗೆ. ಅಮೆರಿಕದಲ್ಲಿ 1980ರ ದಶಕದಲ್ಲಿ ಲೊರೇನ್ ರೇಮಿಗ್ ಮತ್ತು ಸಂಗಡಿಗರು ರೂಪಿಸಿದ ಲೀ ಸಿಲ್ವರ್‌ಮನ್ ಧ್ವನಿ ಚಿಕಿತ್ಸೆ ಇದಕ್ಕೆ ಒಳ್ಳೆಯ ಮದ್ದು. ವಾರಕ್ಕೆ 4 ದಿನ, 4 ವಾರ, ಒಟ್ಟು 16 ಪಾಠ. ಒಂದೇ ಗುರಿ, ಜೋರಾಗಿ ಮಾತಾಡುವುದು. ಬಸ್ಸಿದ್ದ ಕಾಲದಲ್ಲೂ ನಡುಗುವ ಮೈಯನ್ನು ವಾರಕ್ಕೆ ನಾಲ್ಕು ಸಲ ಸಾಗರದಿಂದ ಶಿವಮೊಗ್ಗಕ್ಕೆ ಹೊತ್ತು ತರಲು ಅವರಿಂದ ಆಗಿರಲಿಲ್ಲ. ಈ ಚಿಕಿತ್ಸೆಯನ್ನು ಆನ್‌ಲೈನ್‌ನಲ್ಲಿ ಕೊಟ್ಟರೂ ಫಲ ಎದುರಾಎದುರು ಕೊಟ್ಟದ್ದಕ್ಕೆ ಕಡಿಮೆಯಿಲ್ಲವೆಂದು ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದ ಸಂಶೋಧಕರು ಕೊರೊನಾಕ್ಕೆ ಮೊದಲೇ ತೋರಿಸಿದ್ದರು. ಹಾಗಾಗಿ ಧೈರ್ಯವಾಗಿ ಶುರುಮಾಡಿದೆವು.

ಅಲ್ಲೊಂದು ತೊಡಕಿತ್ತು. ಫೋನು ಸಣ್ಣ ದನಿಯನ್ನು ತಾನೇ ಏರಿಸುತ್ತದೆ, ದೊಡ್ಡ ದನಿಯನ್ನು ತಾನೇ ತಗ್ಗಿಸುತ್ತದೆ. ಮಾತು ಸ್ಪಷ್ಟವಾಗಿ ಕೇಳಲಿ ಎಂದು ಮಾಡಿದ ಏರ್ಪಾಡು ಅದು. ಅದರಿಂದಾಗಿ ಮೇಷ್ಟ್ರು ಪಿಸುಗುಟ್ಟಿದರೂ ಕೂಗಿದರೂ ನನ್ನ ಕಿವಿಗೆ ಹೆಚ್ಚುಕಡಿಮೆ ಒಂದೇ. ದನಿಯ ಗಾತ್ರವನ್ನೇ ಅಳೆಯಬೇಕಾದ ಚಿಕಿತ್ಸೆಯಲ್ಲಿ ಅಳತೆಯೇ ಕೈತಪ್ಪಿದರೆ ಹೇಗೆ? ಸದ್ದು ಅಳೆಯುವ ಆ್ಯಪನ್ನು ಅವರ ಸೊಸೆಯ ಫೋನಿನಲ್ಲಿ ಹಾಕಿಸಿ, ಅದನ್ನು ಬಾಯಿಂದ ಒಂದು ಮೊಳ ದೂರದಲ್ಲಿ ಇಡಿಸಿದೆವು. ಸೊಸೆ ಮುಳ್ಳು ನೋಡಿ ನನಗೆ ಅಂಕಿ ಹೇಳುತ್ತಿದ್ದರು. ಜೊತೆಗೆ ಕನ್ನಡದಲ್ಲಿ ಮಾತಾಡಿದ್ದನ್ನು ಬರೆದುಕೊಳ್ಳುವ ಗೂಗಲ್ ಸೌಲಭ್ಯ 2017ರಿಂದಲೇ ಇದೆಯಲ್ಲ, ಅದನ್ನು ಮನೆಗೆಲಸವಾಗಿ ಕೊಟ್ಟೆ. ದಿನಕ್ಕೊಂದು ಪ್ಯಾರಾ ಪೇಪರು ಓದಬೇಕು, ಫೋನು ತಪ್ಪಿಲ್ಲದೆ ಬರೆದುಕೊಳ್ಳಬೇಕು. ಜೀವನವಿಡೀ ಮಕ್ಕಳ ಉಕ್ತಲೇಖನ ತಿದ್ದಿದವರು ಅವರು. ಫೋನು ಬರೆದದ್ದರಲ್ಲಿ ಒತ್ತಕ್ಷರ ತಪ್ಪಿದರೆ ಸಿಟ್ಟಿನಿಂದ ಮತ್ತೆ ಓದುತ್ತಿದ್ದರು. ಆ ಸಿಟ್ಟಿನಲ್ಲಿ ದನಿ ಏರುತ್ತಿತ್ತು. ನನಗೆ ಬೇಕಾದದ್ದೂ ಅದೇ.

ಎಲ್ಲವೂ ಫೋನಿನಲ್ಲಿ ಆಗುವುದಿಲ್ಲ ಎಂಬುದನ್ನೂ ಹೇಳಬೇಕು. ಸ್ಟ್ರೋಕ್ ಆದವರಿಗೆ ನುಂಗುವುದರಲ್ಲಿ ತೊಂದರೆಯಿದ್ದರೆ, ನೀರು ಶ್ವಾಸನಾಳಕ್ಕೆ ಇಳಿಯುತ್ತಿದೆಯೇ ಎಂದು ಪರದೆಯಲ್ಲಿ ನೋಡಿ ಹೇಳಲಾಗದು; ಕೆಲವರಿಗೆ ಕೆಮ್ಮು ಕೂಡ ಬರುವುದಿಲ್ಲ, ಸೀದಾ ನ್ಯುಮೋನಿಯಾ ಆಗಬಹುದು. ಅಂಥವರನ್ನು ಎಷ್ಟೇ ಕಷ್ಟವಾದರೂ ಆಸ್ಪತ್ರೆಗೆ ಕರೆಸಿದೆವು. ಮೊದಲ ಪರೀಕ್ಷೆಯನ್ನೂ ಎದುರಿಗೆ ಕೂರಿಸಿಕೊಂಡು ಮಾಡುವುದೇ ಸರಿ. "ಬಾಚಣಿಗೆ ತೋರಿಸಿ" ಎಂದಾಗ ಅವರ ಕಣ್ಣು ಮೊದಲು ಎಲ್ಲಿಗೆ ಹೋಯಿತು, ಕೈ ಎಲ್ಲಿ ತಡೆಯಿತು ಎಂಬುದು ಫೋನಿನಲ್ಲಿ ತಿಳಿಯುವುದಿಲ್ಲ.

ಇನ್ನು ಓಟಿಪಿ. ಆರೋಗ್ಯ ಸೇವೆ ಡಿಜಿಟಲ್ ಆಗುತ್ತಿದೆ ಎಂದು ಸಂತೋಷಪಡುವವರು ಅಫೇಸಿಯಾ ಆದ ಒಬ್ಬರ ಪಕ್ಕ ಕೂತು ಒಮ್ಮೆ ಓಟಿಪಿ ಹಾಕಿಸಿ ನೋಡಬೇಕು. ಸರ್ಕಾರದ ಇ-ಸಂಜೀವನಿಯಲ್ಲಿ ದೂರದಿಂದಲೇ ಡಾಕ್ಟರನ್ನು ಕಾಣಬೇಕೆಂದರೂ ಓಟಿಪಿ, ಬ್ಯಾಂಕಿಗೂ ಓಟಿಪಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಅಂಗವೈಕಲ್ಯಗಳ ಪಟ್ಟಿಯನ್ನು 7ರಿಂದ 21ಕ್ಕೆ ಏರಿಸಿ, ಅಫೇಸಿಯಾದಿಂದ ಬಂದ ಮಾತು ಮತ್ತು ಭಾಷೆಯ ವೈಕಲ್ಯವನ್ನೂ ಸೇರಿಸಿತು. ದೊಡ್ಡ ಹೆಜ್ಜೆ ಅದು. ಆದರೆ ಅಂಗವಿಕಲರ ಗುರುತಿನ ಚೀಟಿಗೆ ಆನ್‌ಲೈನ್ ಅರ್ಜಿ ಹಾಕುವಾಗಲೂ ಅಂಕಿಗಳು ಬಂದು ನಿಲ್ಲುತ್ತವೆ. ಅಫೇಸಿಯಾದಲ್ಲಿ ಎಷ್ಟೋ ಜನರಿಗೆ ಬಿಡಿ ಅಂಕಿಗಳೂ ಕೈಕೊಡುತ್ತವೆ. 6 ನೋಡಿ 9 ಅನ್ನುತ್ತಾರೆ, ನಾಲ್ಕನೆಯ ಅಂಕಿಗೆ ಬರುವಷ್ಟರಲ್ಲಿ ಮೊದಲನೆಯದು ಮರೆತಿರುತ್ತದೆ, ಅಷ್ಟರಲ್ಲಿ ಸಮಯ ಮುಗಿದಿರುತ್ತದೆ. ಅದಕ್ಕೆ ನಾನು ಕಂಡುಕೊಂಡ ದಾರಿ, ಅಂಕಿಯನ್ನು ಬಾಯಲ್ಲಿ ಹೇಳಿಸದೆ ಬರೀ ಆಕಾರ ಹೊಂದಿಸುವುದು: ಚೀಟಿಯಲ್ಲಿ ಬರೆದುಕೊಂಡು, ಒಂದೊಂದನ್ನೇ ಮುಚ್ಚಿ ತೆರೆದು, ಅದೇ ಆಕಾರದ ಗುಂಡಿ ಒತ್ತುವುದು. ಜೊತೆಗೆ ಇನ್ನೊಂದನ್ನು ಕಡ್ಡಾಯವಾಗಿ ಕಲಿಸುತ್ತೇನೆ. ಗೊತ್ತಿಲ್ಲದ ನಂಬರಿನಿಂದ ಯಾರಾದರೂ ಅಂಕಿ ಕೇಳಿದರೆ ಉತ್ತರ ಕೊಡಲು ಪದ ಹುಡುಕುತ್ತಾ ಕೂರಬೇಡಿ, ಕೆಂಪು ಗುಂಡಿ ಒತ್ತಿ. ಬೇಡ ಎಂದು ತಟ್ಟನೆ ಹೇಳಲಾಗದವರನ್ನು ಮೋಸ ಮಾಡುವುದು ಸುಲಭ.

ಇಷ್ಟೆಲ್ಲ ಹೇಳಿದ ಮೇಲೂ ನನ್ನ ಮನಸ್ಸಿನಲ್ಲಿ ಭಾರವಾಗಿ ಕೂತಿರುವುದು ಭದ್ರಾವತಿ ಕಡೆಯ ಒಬ್ಬ ಹೆಣ್ಣುಮಗಳು. ಮನೆಯಲ್ಲೇ ಹೊಲಿಗೆ ಮಾಡುತ್ತಿದ್ದರು: ಬ್ಲೌಸು, ಸೀರೆಗೆ ಫಾಲ್ಸ್, ಜಿಗ್‌ಜಾಗ್. ಸ್ಟ್ರೋಕ್‌ನಲ್ಲಿ ಕೈಗೆ ಅಷ್ಟೇನೂ ಪೆಟ್ಟಾಗಿರಲಿಲ್ಲ, ಮಾತು ಮಾತ್ರ ಹೋಗಿತ್ತು. ವಿಡಿಯೊ ಕಾಲ್ ಮಾಡಿದರೆ ಎತ್ತುತ್ತಿದ್ದದ್ದು ಮಗ, ಅದೂ ಕೆಲಸದ ಜಾಗದಿಂದ. ವಿಚಾರಿಸಿದಾಗ ತಿಳಿಯಿತು, ಅಮ್ಮನ ಫೋನಿನ ಸಿಮ್ ತೆಗೆದು ಫೋನನ್ನು ತಂಗಿಯ ಆನ್‌ಲೈನ್ ಕ್ಲಾಸಿಗೆ ಕೊಟ್ಟಿದ್ದರು. "ಅಮ್ಮಂಗೆ ಮಾತೇ ಬರಲ್ವಲ್ಲ ಮೇಡಮ್, ಫೋನ್ ಇಟ್ಕೊಂಡು ಏನ್ ಮಾಡ್ತಾರೆ? ರೀಚಾರ್ಜ್ ದುಡ್ಡು ದಂಡ" ಎಂದ. ಒಳ್ಳೆಯ ಹುಡುಗ. ತಾಯಿಯ ಮಾತ್ರೆ ಒಂದು ಹೊತ್ತು ತಪ್ಪಿಸಿದವನಲ್ಲ.

ಆಮೇಲೆ ಗಮನಿಸತೊಡಗಿದೆ. ಇದು ಆ ಒಂದು ಮನೆಯ ಸಂಗತಿಯಾಗಿರಲಿಲ್ಲ. ಲಕ್ವ ಹೊಡೆದು ಮನೆಗೆ ಬಂದವರಿಂದ ಮನೆಯವರು ಮೊದಲು ತೆಗೆದುಕೊಳ್ಳುವುದು ಫೋನನ್ನೇ. ಹೆಂಗಸರಾದರೆ ಇನ್ನೂ ಬೇಗ. ಫೋನ್ ಎಂದರೆ ಕಿವಿಗಿಟ್ಟು ಮಾತಾಡುವುದು ಎಂಬ ಹಳೆಯ ಎಣಿಕೆ ಅದರ ಹಿಂದಿದೆ. ಹಾಗೆ ಫೋನು ಹೋದೊಡನೆ ಹೊನ್ನಾಳಿಯ ಅಕ್ಕ, ಪಕ್ಕದ ಬೀದಿಯ ಗೆಳತಿ, ಬ್ಲೌಸು ಕೊಟ್ಟವರು, ಎಲ್ಲರೂ ಮಗನ ಮೂಲಕವೇ ಬರಬೇಕು. ಬರುವುದನ್ನು ನಿಲ್ಲಿಸುತ್ತಾರೆ. ಆಡಲು ಜನವಿಲ್ಲದೆ ಮಾತು ಮರಳುವುದಿಲ್ಲ.

ಆ ಮಗನಿಗೆ ಇದನ್ನೆಲ್ಲ ಸಮಯ ತೆಗೆದುಕೊಂಡು ಹೇಳಿದೆ. ತಂಗಿಯ ಪರೀಕ್ಷೆ ಮುಗಿದ ಮೇಲೆ ಫೋನು ತಾಯಿಗೆ ಮರಳಿತು. ಗ್ಯಾಲರಿಯಲ್ಲಿ ಅವರು ಹೊಲಿದ ಬ್ಲೌಸುಗಳ ಫೋಟೊಗಳು ಹಾಗೇ ಇದ್ದವು. ಬೆನ್ನಿನ ಕತ್ತಿನ ಡಿಸೈನುಗಳು: ಗುಂಡಗಿನದು, ಮಡಕೆ ಆಕಾರದ್ದು, ದಾರ ಕಟ್ಟುವುದು. ಆ ಫೋಟೊಗಳೇ ನಮ್ಮ ಪಾಠದ ಪುಸ್ತಕವಾದವು. "ಡೋರಿ", "ಪೈಪಿಂಗ್", "ಲೈನಿಂಗ್" ಎಂಬವು ಅವರಿಗೆ ನೀರು, ಅನ್ನ ಎಂಬವಕ್ಕಿಂತ ಮೊದಲು ಬಂದವು. ಹೆಸರು ಓದಲಾಗದೆ ಹೋದರೂ ಮುಖ ನೋಡಿ ಒತ್ತಲೆಂದು ಪ್ರತಿ ಕಾಂಟ್ಯಾಕ್ಟಿಗೂ ಫೋಟೊ ಹಾಕಿದೆವು. ಒಂದು ದಿನ ಗಿರಾಕಿಯೊಬ್ಬರು ಕಳಿಸಿದ ಡಿಸೈನಿಗೆ ಅವರು ತಾವೇ ಹೆಬ್ಬೆರಳಿನ ಚಿತ್ರ ಕಳಿಸಿ, ಕೆಳಗೆ ವಾಯ್ಸ್ ಮೆಸೇಜಿನಲ್ಲಿ "ಸೋಮವಾರ" ಎಂದಿದ್ದರು. ಅಂದು ನಿಜಕ್ಕೂ ಹೇಳಬೇಕಿದ್ದದ್ದು ಶನಿವಾರ ಎಂದು ಆಮೇಲೆ ತಿಳಿಯಿತು. ಗಿರಾಕಿ ಬಂದಳು, ಇಬ್ಬರೂ ಕ್ಯಾಲೆಂಡರ್ ನೋಡಿ ಸರಿಮಾಡಿಕೊಂಡರು. ವ್ಯವಹಾರ ನಡೆಯಿತು.

ಕೊರೊನಾ ಹೋದ ಮೇಲೂ ನಾನು ಈ ಫೋನಿನ ಪಾಠವನ್ನು ಬಿಟ್ಟಿಲ್ಲ. ಬಸ್ಸಿನಲ್ಲಿ ಬರಬಲ್ಲವರು ಬರುತ್ತಾರೆ. ನಡುವಿನ ದಿನಗಳಲ್ಲಿ ಫೋನು ಇರುತ್ತದೆ. ಮೊದಲ ಭೇಟಿಯಲ್ಲೇ ಒಂದಷ್ಟು ಹೊತ್ತು ಫೋನಿಗೇ ಮೀಸಲು. ಅಕ್ಷರ ದೊಡ್ಡದು ಮಾಡುತ್ತೇನೆ, ಬೇಡದ ಸದ್ದುಗಳನ್ನು ನಿಲ್ಲಿಸುತ್ತೇನೆ, ಮನೆಯವರನ್ನು ಪಕ್ಕಕ್ಕೆ ಕೂರಿಸಿಕೊಂಡು ಹತ್ತು ಎಣಿಸುವ ತನಕ ಬಾಯಿ ತೆರೆಯಬಾರದೆಂದು ಕೇಳಿಕೊಳ್ಳುತ್ತೇನೆ. ಆಶಾ ಕಾರ್ಯಕರ್ತೆಯರಿಗೆ ಇದನ್ನು ಹೇಳಿಕೊಟ್ಟಾಗ ಅವರು ನನಗಿಂತ ಬೇಗ ಮನೆಮನೆಗೆ ತಲುಪಿಸಿದ್ದನ್ನು ಕಂಡಿದ್ದೇನೆ. ಆ್ಯಪ್ ತಯಾರಾಯಿತು ಎಂದರೆ ಸೇವೆ ತಲುಪಿತು ಎಂದಲ್ಲ. ಬಳಸಲು ಕಲಿಸುವವರಿಗೆ ಸಮಯ, ಸಂಬಳ ಎರಡನ್ನೂ ಯೋಜನೆಯಲ್ಲಿ ಇಡಬೇಕು. ಸ್ಪೀಚ್ ಥೆರಪಿ ಓದುವ ಮಕ್ಕಳಿಗೂ ಇದನ್ನು ಪಾಠವಾಗಿಯೇ ಕಲಿಸಬೇಕು.

ನಿಮ್ಮ ಮನೆಯಲ್ಲಿ ಯಾರಿಗಾದರೂ ಸ್ಟ್ರೋಕ್ ಆಗಿ ಮಾತು ಹೋಗಿದ್ದರೆ, ಆಸ್ಪತ್ರೆಯಿಂದ ಬಿಡುಗಡೆಯಾಗುವಾಗಲೇ ಸ್ಪೀಚ್ ಥೆರಪಿ ಎಲ್ಲಿ ಸಿಗುತ್ತದೆ ಎಂದು ಕೇಳಿ. ಥೆರಪಿಸ್ಟು ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಾಯಿಸಿಕೊಂಡವರೇ ಎಂದು ನೋಡಿಕೊಳ್ಳಿ. ದೂರವಾದರೆ ಫೋನಿನಲ್ಲಿ ಪಾಠ ಮಾಡುತ್ತೀರಾ ಎಂದು ವಿಚಾರಿಸಿ, ಸಂಕೋಚ ಬೇಡ. ಅವರ ಸಿಮ್ಮನ್ನು ನಿಲ್ಲಿಸಬೇಡಿ, ಅವರ ಫೋನನ್ನು ಬೇರೆಯವರಿಗೆ ಕೊಡಬೇಡಿ, ಮನೆಗೆ ಬಂದ ವಾರವೇ ಅದನ್ನು ಅವರ ಕೈಗೆ ಕೊಟ್ಟು ಪಕ್ಕದಲ್ಲಿ ಕೂತುಕೊಳ್ಳಿ.